ಮಾದಕ ವಸ್ತು ಸ್ವಾಧೀನ: ಭಾರತದ ಕಾನೂನು

ಗಾಂಜಾ, ಚರಸ್, ಅಫೀಮು, ಹೆರಾಯಿನ್, ಕೊಕೇನ್, ಎಂಡಿಎಂಎ ಮೊದಲಾದ ನಿಷೇಧಿತ ವಸ್ತುವನ್ನು ಪರವಾನಗಿಯಾಗಲಿ ವೈದ್ಯಕೀಯ ಕಾರಣವಾಗಲಿ ಇಲ್ಲದೆ, ಅದು ಏನೆಂದು ತಿಳಿದೂ ತನ್ನ ವಶದಲ್ಲಿಟ್ಟುಕೊಳ್ಳುವುದೇ ಮಾದಕ ವಸ್ತು ಸ್ವಾಧೀನದ ಅಪರಾಧ. ಭಾರತದಲ್ಲಿ ಇದಕ್ಕೆ ಅನ್ವಯಿಸುವುದು 1985ರ ಮಾದಕ ದ್ರವ್ಯ ಮತ್ತು ಮನೋಪ್ರಭಾವಿ ಪದಾರ್ಥಗಳ ಕಾಯ್ದೆ. ಪೊಲೀಸ್ ಠಾಣೆ, ನ್ಯಾಯಾಲಯ, ಪತ್ರಿಕೆಗಳಲ್ಲಿ ಅದು ಎನ್‌ಡಿಪಿಎಸ್ ಎಂಬ ಹೆಸರಿನಿಂದಲೇ ಪರಿಚಿತ. ಸ್ವಾಧೀನದ ಪ್ರಕರಣದಲ್ಲಿ ಆರೋಪಿಯ ಗತಿ ಮುಖ್ಯವಾಗಿ ಎರಡು ಸಂಗತಿಗಳ ಮೇಲೆ ನಿಂತಿದೆ. ಒಂದು, ಸಿಕ್ಕ ವಸ್ತುವಿನ ತೂಕ. ಇನ್ನೊಂದು, ಶೋಧ ಮತ್ತು ಜಪ್ತಿಯ ಹೊತ್ತಿನಲ್ಲಿ ಬರೆದ ಕಾಗದಪತ್ರ.

ಪಾರಿಭಾಷಿಕ ಪದಗಳು

ಕಾಯ್ದೆ ಮೂರು ಗುಂಪುಗಳನ್ನು ಬೇರೆ ಬೇರೆಯಾಗಿ ಹೆಸರಿಸುತ್ತದೆ. ಕೋಕಾ ಎಲೆ, ಗಾಂಜಾ ಗಿಡದ ಉತ್ಪನ್ನಗಳು, ಅಫೀಮು, ಗಸಗಸೆ ಗಿಡದ ಹೊಟ್ಟು ಹಾಗೂ ಇವುಗಳಿಂದ ತಯಾರಾದ ಮಾರ್ಫಿನ್, ಹೆರಾಯಿನ್, ಕೊಕೇನ್‌ನಂಥವು ‘ಮಾದಕ ದ್ರವ್ಯ’. ಎಲ್‌ಎಸ್‌ಡಿ, ಎಂಡಿಎಂಎ, ಮೆಥಾಂಫೆಟಮಿನ್, ಆಲ್ಪ್ರಜೋಲಮ್, ಕೆಟಮಿನ್‌ನಂಥ, ಕಾಯ್ದೆಯ ಅನುಸೂಚಿಯಲ್ಲಿ ಸೇರಿಸಿದ ರಾಸಾಯನಿಕಗಳು ‘ಮನೋಪ್ರಭಾವಿ ಪದಾರ್ಥ’. ಮೂರನೆಯದು ‘ನಿಯಂತ್ರಿತ ವಸ್ತು’. ಅಮೆರಿಕದ ಕಾನೂನಿನಲ್ಲಿ ಈ ಮಾತು ಮಾದಕ ವಸ್ತುವನ್ನೇ ಸೂಚಿಸುತ್ತದೆ. ಭಾರತದ ಕಾಯ್ದೆಯಲ್ಲಿ ಹಾಗಲ್ಲ. ಇಲ್ಲಿ ನಿಯಂತ್ರಿತ ವಸ್ತು ಎಂದರೆ ಮಾದಕ ವಸ್ತು ತಯಾರಿಸಲು ಬೇಕಾಗುವ ಕಚ್ಚಾ ರಾಸಾಯನಿಕ ಮಾತ್ರ: ಹೆರಾಯಿನ್‌ಗೆ ಬೇಕಾದ ಅಸಿಟಿಕ್ ಅನ್‌ಹೈಡ್ರೈಡ್, ಮೆಥಾಂಫೆಟಮಿನ್‌ಗೆ ಬೇಕಾದ ಎಫೆಡ್ರಿನ್ ಮತ್ತು ಸ್ಯೂಡೋಎಫೆಡ್ರಿನ್ ಇತ್ಯಾದಿ. ಇವುಗಳ ಮೇಲಿನ ಆದೇಶ ಮೀರಿದವರಿಗೆ ಸೆಕ್ಷನ್ 25ಎ ಪ್ರಕಾರ 10 ವರ್ಷದವರೆಗೆ ಸಜೆಯಿದೆ. ಎರಡು ದೇಶಗಳ ಅರ್ಥ ಬೆರೆತರೆ ಇಡೀ ವಿಷಯವೇ ಗೋಜಲಾಗುತ್ತದೆ.

ಗಾಂಜಾ ಎಂಬ ಪದಕ್ಕೂ ಕಾಯ್ದೆಯಲ್ಲಿ ಬಿಗಿಯಾದ ಅರ್ಥವಿದೆ. ಗಿಡದ ತುದಿಯಲ್ಲಿ ಬಿಡುವ ಹೂ ಮತ್ತು ಕಾಯಿಗೊಂಚಲು ಗಾಂಜಾ. ಬೇರ್ಪಡಿಸಿ ತೆಗೆದ ಅಂಟು ಚರಸ್. ಗೊಂಚಲಿನ ಜೊತೆಗಿಲ್ಲದ ಬರೀ ಎಲೆ, ಬರೀ ಬೀಜ ಈ ವ್ಯಾಖ್ಯೆಯ ಹೊರಗಿವೆ. ಎಲೆಯನ್ನು ಅರೆದು ಮಾಡುವ ಭಾಂಗ್ ಈ ಕಾರಣಕ್ಕಾಗಿ ಎನ್‌ಡಿಪಿಎಸ್‌ಗೆ ಸೇರದೆ ಆಯಾ ರಾಜ್ಯಗಳ ಅಬಕಾರಿ ಕಾನೂನಿಗೆ ಒಳಪಟ್ಟಿದೆ. ಭಾಂಗ್ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರ ಒಂದು ಜಾಮೀನು ಆದೇಶದಲ್ಲಿ ಹೇಳಿತು.

ಹಿನ್ನೆಲೆ

ಬ್ರಿಟಿಷರ ಕಾಲದಲ್ಲಿ ಅಫೀಮು ಮತ್ತು ಗಾಂಜಾ ನಿಷಿದ್ಧ ವಸ್ತುಗಳಾಗಿರಲಿಲ್ಲ, ಸರ್ಕಾರದ ಬೊಕ್ಕಸಕ್ಕೆ ಆದಾಯ ತರುವ ಅಬಕಾರಿ ಬಾಬತ್ತಾಗಿದ್ದವು. 1857 ಮತ್ತು 1878ರ ಅಫೀಮು ಕಾಯ್ದೆಗಳು ಬೆಳೆಯನ್ನೂ ವ್ಯಾಪಾರವನ್ನೂ ಸರ್ಕಾರದ ಹಿಡಿತದಲ್ಲಿಟ್ಟವು. ಗಾಂಜಾ ಬಳಕೆಯ ಪರಿಣಾಮ ಅರಿಯಲು 1893ರಲ್ಲಿ ನೇಮಕಗೊಂಡ ಆಯೋಗ ಮರುವರ್ಷ ವರದಿ ಕೊಟ್ಟಿತು. ಮಿತವಾದ ಸೇವನೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಪೂರ್ಣ ನಿಷೇಧಕ್ಕಿಂತ ತೆರಿಗೆ ಮತ್ತು ನಿಯಂತ್ರಣ ಲೇಸು ಎಂಬುದು ಅದರ ತೀರ್ಮಾನವಾಗಿತ್ತು. 1930ರಲ್ಲಿ ಅಪಾಯಕಾರಿ ಔಷಧಗಳ ಕಾಯ್ದೆ ಬಂತು.

ಸ್ವಾತಂತ್ರ್ಯಾನಂತರದ ಬದಲಾವಣೆಗೆ ಮೂಲ ಅಂತರರಾಷ್ಟ್ರೀಯ ಒಪ್ಪಂದ. ವಿಶ್ವಸಂಸ್ಥೆಯ 1961ರ ಏಕೀಕೃತ ಮಾದಕ ದ್ರವ್ಯ ಒಡಂಬಡಿಕೆ, ಗಾಂಜಾದ ವೈದ್ಯಕೀಯೇತರ ಬಳಕೆಯನ್ನು ನಿಲ್ಲಿಸಲು 25 ವರ್ಷಗಳ ಗಡುವು ಕೊಟ್ಟಿತ್ತು. ಒಡಂಬಡಿಕೆ ಜಾರಿಗೆ ಬಂದದ್ದು 1964ರ ಡಿಸೆಂಬರ್‌ನಲ್ಲಿ. ಗಡುವು ಸಮೀಪಿಸುತ್ತಿದ್ದಾಗ, ರಾಜೀವ್ ಗಾಂಧಿ ಸರ್ಕಾರ 1985ರ ಆಗಸ್ಟ್ 23ರಂದು ಲೋಕಸಭೆಯಲ್ಲಿ ಹೊಸ ಮಸೂದೆ ಮಂಡಿಸಿತು. ಸೆಪ್ಟೆಂಬರ್ 16ಕ್ಕೆ ರಾಷ್ಟ್ರಪತಿಯ ಅಂಕಿತ ಬಿತ್ತು, ನವೆಂಬರ್ 14ರಿಂದ ಕಾಯ್ದೆ ಜಾರಿಯಾಯಿತು. ಮಂಡನೆಯಿಂದ ಅಂಕಿತದವರೆಗೆ ಒಂದು ತಿಂಗಳೂ ಹಿಡಿಯದ ಈ ಅವಸರದ ಗುರುತು ಮೂಲ ಕಾಯ್ದೆಯಲ್ಲಿ ಎದ್ದು ಕಾಣುತ್ತಿತ್ತು. ಗಾಂಜಾ ಬಿಟ್ಟು ಉಳಿದ ಬಹುತೇಕ ಮಾದಕ ವಸ್ತುಗಳ ಸ್ವಾಧೀನಕ್ಕೆ ಕನಿಷ್ಠ ಶಿಕ್ಷೆಯೇ 10 ವರ್ಷ. ಚಟಕ್ಕೆ ಬಿದ್ದವನು ತನಗೆಂದು ಇಟ್ಟುಕೊಂಡ ಪೊಟ್ಟಣ ಅಲ್ಪ ಪ್ರಮಾಣದ ಅತಿ ಕಿರಿದಾದ ಮಿತಿಯನ್ನು ದಾಟಿತೆಂದರೆ, ಲಾರಿಗಟ್ಟಲೆ ಸಾಗಿಸುವವನ ಸಾಲಿನಲ್ಲೇ ನಿಲ್ಲಬೇಕಾಗುತ್ತಿತ್ತು.

1989ರ ತಿದ್ದುಪಡಿ ಕಾಯ್ದೆಯನ್ನು ಇನ್ನಷ್ಟು ಬಿಗಿಗೊಳಿಸಿತು. ಜಾಮೀನಿಗೆ ಕಠಿಣ ಷರತ್ತು, ಅಕ್ರಮ ಸಾಗಣೆಗೆ ಹಣ ಹೂಡುವವರಿಗೆ ಪ್ರತ್ಯೇಕ ಶಿಕ್ಷೆ, ಕೆಲವು ಪುನರಾವರ್ತಿತ ಅಪರಾಧಗಳಿಗೆ ಕಡ್ಡಾಯ ಮರಣದಂಡನೆ ಸೇರಿದವು. ಆ ಕಡ್ಡಾಯವನ್ನು ಬಾಂಬೆ ಹೈಕೋರ್ಟ್ 2011ರಲ್ಲಿ ಒಪ್ಪದೆ ಅದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದೆಂದು ಅರ್ಥೈಸಿತು; 2014ರಲ್ಲಿ ಸಂಸತ್ತೂ ಹಾಗೆಯೇ ತಿದ್ದಿತು. ಸ್ವಾಧೀನದ ಆರೋಪಿಗಳ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಂದದ್ದು 2001ರ ಅಕ್ಟೋಬರ್ 2ರಿಂದ ಜಾರಿಯಾದ ತಿದ್ದುಪಡಿ. ಅಂದಿನಿಂದ ಶಿಕ್ಷೆ ತೂಕಕ್ಕೆ ತಕ್ಕಂತೆ ಏರಿಳಿಯುತ್ತದೆ.

ಸ್ವಾಧೀನ ಎಂದರೇನು

ಸೆಕ್ಷನ್ 8 ಇಂಥ ವಸ್ತುಗಳನ್ನು ಬೆಳೆಯುವುದು, ತಯಾರಿಸುವುದು, ಹೊಂದಿರುವುದು, ಮಾರುವುದು, ಕೊಳ್ಳುವುದು, ಸಾಗಿಸುವುದು, ಸೇವಿಸುವುದು ಎಲ್ಲವನ್ನೂ ಒಟ್ಟಾಗಿ ನಿಷೇಧಿಸುತ್ತದೆ. ಆದರೆ ‘ಹೊಂದಿರುವುದು’ ಎಂಬುದಕ್ಕೆ ಕಾಯ್ದೆಯಲ್ಲೆಲ್ಲೂ ವ್ಯಾಖ್ಯೆಯಿಲ್ಲ. ಅದನ್ನು ನ್ಯಾಯಾಲಯಗಳೇ ಕಟ್ಟಿಕೊಟ್ಟಿವೆ. ಸ್ವಾಧೀನಕ್ಕೆ ಎರಡು ಅಂಗಗಳಿವೆ: ವಸ್ತುವಿನ ಮೇಲೆ ಹಿಡಿತ, ಅದು ಏನೆಂಬ ಅರಿವು. ಎರಡೂ ಸೇರಿದಾಗ ಅದು ‘ಪ್ರಜ್ಞಾಪೂರ್ವಕ ಸ್ವಾಧೀನ’. ಮದನ್ ಲಾಲ್ ಪ್ರಕರಣ, 2003 ಮತ್ತು ಮೋಹನ್ ಲಾಲ್ ಪ್ರಕರಣ, 2015ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರಿಸಿದೆ. ವಸ್ತು ಜೇಬಿನಲ್ಲೇ ಇರಬೇಕೆಂದಿಲ್ಲ. ಬೀಗದ ಕೈ ತನ್ನ ಬಳಿಯಿರುವ ಕೋಣೆಯಲ್ಲಿದ್ದರೂ, ತಾನೇ ಹೂತಿಟ್ಟ ಜಾಗವನ್ನು ತೋರಿಸಿ ತೆಗೆಸಿಕೊಟ್ಟರೂ ಸ್ವಾಧೀನವೇ. ಆದರೆ ಬಸ್ಸಿನಲ್ಲಿ ಸೀಟಿನ ಕೆಳಗೆ ಯಾರದೋ ಚೀಲವಿದ್ದು, ಮೇಲೆ ಕುಳಿತವನಿಗೆ ಅದರ ಸುಳಿವೇ ಇಲ್ಲದಿದ್ದರೆ ಸ್ವಾಧೀನ ಆಗುವುದಿಲ್ಲ.

ತೊಡಕು ಇರುವುದು ರುಜುವಾತಿನ ಹೊಣೆಯಲ್ಲಿ. ಸಾಮಾನ್ಯ ಕ್ರಿಮಿನಲ್ ಪ್ರಕರಣಗಳಲ್ಲಿ ಎಲ್ಲವನ್ನೂ ಸರ್ಕಾರದ ಕಡೆಯವರೇ ಸಾಬೀತು ಮಾಡಬೇಕು. ಇಲ್ಲಿ ಸೆಕ್ಷನ್ 35 ಆರೋಪಿಗೆ ಅಪರಾಧಿ ಮನಸ್ಸಿತ್ತೆಂದೇ ಊಹಿಸಿಕೊಳ್ಳುತ್ತದೆ. ಸೆಕ್ಷನ್ 54, ವಸ್ತು ವಶದಲ್ಲಿದ್ದುದಕ್ಕೆ ಸಮಾಧಾನಕರ ವಿವರಣೆ ಕೊಡದಿದ್ದರೆ ಅಪರಾಧವೆಸಗಿದ್ದಾನೆಂದೇ ಊಹಿಸುತ್ತದೆ. ಹಾಗೆಂದು ಪೊಲೀಸರ ಮಾತೇ ಸಾಕೆಂದಲ್ಲ. ಜಪ್ತಿ ನಡೆದದ್ದು ನಿಜ, ಸಿಕ್ಕದ್ದು ಮಾದಕ ವಸ್ತುವೇ, ಆರೋಪಿಯ ಹಿಡಿತದಲ್ಲೇ ಇತ್ತು ಎಂಬ ಬುನಾದಿ ಸಂಗತಿಗಳನ್ನು ಸರ್ಕಾರ ಮೊದಲು ಸಂಶಯಾತೀತವಾಗಿ ಸ್ಥಾಪಿಸಬೇಕು. ಆಮೇಲಷ್ಟೇ ಈ ಊಹೆಗಳಿಗೆ ಜೀವ ಬರುತ್ತದೆ ಎಂದು ನೂರ್ ಆಗಾ ಪ್ರಕರಣದ 2008ರ ತೀರ್ಪು ಸ್ಪಷ್ಟಪಡಿಸಿದೆ.

ಮನೆಯ ಯಜಮಾನ ತನ್ನ ಮನೆ ಅಥವಾ ವಾಹನ ಇಂಥ ಕೆಲಸಕ್ಕೆ ಬಳಕೆಯಾಗುತ್ತಿದೆಯೆಂದು ತಿಳಿದೂ ಬಿಟ್ಟುಕೊಟ್ಟರೆ ಸೆಕ್ಷನ್ 25ರ ಅಡಿ ಅವನೂ ಹೊಣೆಗಾರ. ಬಾಡಿಗೆದಾರನ ಕೋಣೆಯಲ್ಲಿ ಗಾಂಜಾ ಸಿಕ್ಕಿತೆಂಬಷ್ಟಕ್ಕೇ ಮಾಲೀಕ ಆರೋಪಿಯಾಗುವುದಿಲ್ಲ, ಅವನಿಗೆ ತಿಳಿದಿತ್ತೆಂಬುದು ಮುಖ್ಯ. ಒಳಸಂಚಿಗೆ ಸೆಕ್ಷನ್ 29 ಇದೆ. ಅದರ ಶಿಕ್ಷೆ ಮೂಲ ಅಪರಾಧದಷ್ಟೇ.

ಪ್ರಮಾಣ ಮತ್ತು ಶಿಕ್ಷೆ

ಕೇಂದ್ರ ಸರ್ಕಾರ 2001ರ ಅಕ್ಟೋಬರ್ 19ರ ಅಧಿಸೂಚನೆಯಲ್ಲಿ ಒಂದೊಂದು ವಸ್ತುವಿಗೂ ಎರಡು ಅಂಕಿಗಳನ್ನು ನಿಗದಿ ಮಾಡಿತು. ಮೊದಲ ಅಂಕಿಗಿಂತ ಕಡಿಮೆಯಿದ್ದರೆ ಅಲ್ಪ ಪ್ರಮಾಣ, ಎರಡನೆಯದಕ್ಕಿಂತ ಹೆಚ್ಚಿದ್ದರೆ ವಾಣಿಜ್ಯ ಪ್ರಮಾಣ, ನಡುವಿನದು ಮಧ್ಯಮ ಪ್ರಮಾಣ. ಗಾಂಜಾಕ್ಕೆ ಇವು 1 ಕಿಲೋ ಮತ್ತು 20 ಕಿಲೋ. ಚರಸ್‌ಗೆ 100 ಗ್ರಾಂ, 1 ಕಿಲೋ. ಅಫೀಮಿಗೆ 25 ಗ್ರಾಂ, ಎರಡೂವರೆ ಕಿಲೋ. ಹೆರಾಯಿನ್‌ಗೆ 5 ಮತ್ತು 250 ಗ್ರಾಂ, ಕೊಕೇನ್‌ಗೆ 2 ಮತ್ತು 100 ಗ್ರಾಂ. ಪಾರ್ಟಿಗಳಲ್ಲಿ ಮಾತ್ರೆಯ ರೂಪದಲ್ಲಿ ಓಡಾಡುವ ಎಂಡಿಎಂಎಗೆ ಅರ್ಧ ಗ್ರಾಂ ಮತ್ತು 10 ಗ್ರಾಂ. ಎಲ್‌ಎಸ್‌ಡಿಗಂತೂ 2 ಮಿಲಿಗ್ರಾಂ ಮತ್ತು 100 ಮಿಲಿಗ್ರಾಂ. ಅಂಚೆಚೀಟಿಯಷ್ಟು ಕಾಗದದ ತುಣುಕುಗಳು ಕೆಲವಿದ್ದರೂ ಕಾಗದದ ತೂಕ ಸೇರಿಸಿದರೆ ಪ್ರಮಾಣದ ಮೆಟ್ಟಿಲು ಬದಲಾಗಿಬಿಡುತ್ತದೆ. ಕಾಗದವನ್ನು ತೂಕಕ್ಕೆ ಸೇರಿಸಬೇಕೋ ಬೇಡವೋ ಎಂಬ ವಾದ ಹೈಕೋರ್ಟುಗಳ ಮುಂದೆ ಮತ್ತೆ ಮತ್ತೆ ಬಂದಿರುವುದು ಇದಕ್ಕಾಗಿಯೇ.

ಅಲ್ಪ ಪ್ರಮಾಣಕ್ಕೆ ಒಂದು ವರ್ಷದವರೆಗೆ ಕಠಿಣ ಸಜೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2014ಕ್ಕೆ ಮೊದಲು ಈ ಮಿತಿ ಆರು ತಿಂಗಳಿತ್ತು. ಮಧ್ಯಮ ಪ್ರಮಾಣಕ್ಕೆ 10 ವರ್ಷದವರೆಗೆ ಸಜೆ ಮತ್ತು 1 ಲಕ್ಷದವರೆಗೆ ದಂಡ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10, ಗರಿಷ್ಠ 20 ವರ್ಷ. ದಂಡ 1ರಿಂದ 2 ಲಕ್ಷ. ಕನಿಷ್ಠಕ್ಕಿಂತ ಇಳಿಸುವ ಅಧಿಕಾರ ನ್ಯಾಯಾಧೀಶರಿಗಿಲ್ಲ. ಸೇವನೆ ಪ್ರತ್ಯೇಕ ಅಪರಾಧ: ಸೆಕ್ಷನ್ 27ರ ಪ್ರಕಾರ ಕೊಕೇನ್, ಮಾರ್ಫಿನ್, ಹೆರಾಯಿನ್ ಸೇವನೆಗೆ ಒಂದು ವರ್ಷದವರೆಗೆ, ಉಳಿದವುಗಳಿಗೆ ಆರು ತಿಂಗಳವರೆಗೆ ಸಜೆ.

ಕಲಬೆರಕೆಯ ತೂಕ ಬಹಳ ಕಾಲ ಬಿಡಿಸಲಾಗದ ಗಂಟಾಗಿತ್ತು. ಬೀದಿಯಲ್ಲಿ ಮಾರುವ ಹೆರಾಯಿನ್‌ನಲ್ಲಿ ಬೇರೆ ಪುಡಿಯೇ ಹೆಚ್ಚು. ಶುದ್ಧ ಅಂಶವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಮೈಕೇಲ್ ರಾಜ್ ಪ್ರಕರಣದಲ್ಲಿ ಹೇಳಿತ್ತು. 2020ರ ಏಪ್ರಿಲ್ 22ರಂದು ಹೀರಾ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಈಗ ಇಡೀ ಮಿಶ್ರಣದ ತೂಕವೇ ಲೆಕ್ಕ. 4 ಗ್ರಾಂ ಹೆರಾಯಿನ್ ಹಾಗೇ ಇದ್ದರೆ ಅಲ್ಪ ಪ್ರಮಾಣ. ಅದನ್ನೇ 300 ಗ್ರಾಂ ಪುಡಿಯಲ್ಲಿ ಬೆರೆಸಿದ್ದರೆ ವಾಣಿಜ್ಯ ಪ್ರಮಾಣ.

ಗಾಂಜಾದಲ್ಲಿ ಲೆಕ್ಕ ಬೇರೆ. ಕರ್ನಾಟಕದಲ್ಲಿ ಮೆಕ್ಕೆಜೋಳ, ಹತ್ತಿ, ತೊಗರಿ, ಶುಂಠಿ ಹೊಲಗಳ ಸಾಲಿನ ನಡುವೆ ಬೆಳೆದ ಗಿಡಗಳನ್ನು ಪೊಲೀಸರು ಬೇರು ಸಮೇತ ಕಿತ್ತು ತಕ್ಕಡಿಗೆ ಹಾಕುವುದುಂಟು. ಹಸಿ ಗಿಡದ ದಂಟು, ಬೇರು, ಮೆತ್ತಿದ ಮಣ್ಣು, ಎಲೆ ಎಲ್ಲ ಸೇರಿ 22 ಕಿಲೋ ತೂಗಿದರೆ ಮಹಜರಿನಲ್ಲಿ ವಾಣಿಜ್ಯ ಪ್ರಮಾಣ ಎಂದಾಗುತ್ತದೆ. ಕಾನೂನಿನ ಗಾಂಜಾ ಹೂಗೊಂಚಲು ಮಾತ್ರ. ಅದನ್ನು ಬೇರ್ಪಡಿಸಿ ತೂಗಿಲ್ಲ ಎಂಬ ಒಂದೇ ಕಾರಣಕ್ಕೆ ಜಾಮೀನು ಸಿಕ್ಕ ಪ್ರಕರಣಗಳಿವೆ. ಗಿಡ ಬೆಳೆಸಿದ್ದಕ್ಕೆ ಪ್ರತ್ಯೇಕವಾಗಿ 10 ವರ್ಷದವರೆಗಿನ ಶಿಕ್ಷೆಯಿದೆ, ಅದಕ್ಕೆ ತೂಕದ ಹಂಗಿಲ್ಲ.

ಶೋಧ, ಜಪ್ತಿ, ಮಾದರಿ

ಶಿಕ್ಷೆ ಇಷ್ಟು ಕಠಿಣವಾಗಿರುವ ಕಾರಣ ಕಾಯ್ದೆ ಅಧಿಕಾರಿಗಳ ಕೈಯನ್ನೂ ನಿಯಮಗಳಿಂದ ಕಟ್ಟಿದೆ. ಖುಲಾಸೆಯಾಗುವ ಪ್ರಕರಣಗಳಲ್ಲಿ ಬಹಳಷ್ಟು ಬೀಳುವುದು ಇಲ್ಲಿಯೇ.

ಮಾಹಿತಿದಾರನ ಸುಳಿವು ಬಂದೊಡನೆ ಅಧಿಕಾರಿ ಅದನ್ನು ಬರವಣಿಗೆಗೆ ಇಳಿಸಿ, 72 ಗಂಟೆಯೊಳಗೆ ಮೇಲಧಿಕಾರಿಗೆ ಪ್ರತಿ ಕಳಿಸಬೇಕು. ವಾರಂಟ್ ಇಲ್ಲದೆ ಮನೆ ಹೊಕ್ಕು ಶೋಧಿಸಬಹುದಾದದ್ದು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ. ರಾತ್ರಿಯಾದರೆ ವಾರಂಟಿಗೆ ಕಾಯದ ಕಾರಣವನ್ನು ಮೊದಲೇ ದಾಖಲಿಸಬೇಕು. ಇದು ಸೆಕ್ಷನ್ 42. ರಸ್ತೆ, ಬಸ್ ನಿಲ್ದಾಣದಂಥ ಸಾರ್ವಜನಿಕ ಸ್ಥಳಕ್ಕೆ ಸೆಕ್ಷನ್ 43 ಅನ್ವಯವಾಗುತ್ತದೆ, ಅಲ್ಲಿ ಈ ಬಿಗಿ ಇಲ್ಲ.

ಸೆಕ್ಷನ್ 50 ಮೈ ಶೋಧಕ್ಕೆ ಸಂಬಂಧಿಸಿದ್ದು. ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಶೋಧಕ್ಕೊಳಗಾಗುವ ಹಕ್ಕು ನಿನಗಿದೆ ಎಂದು ಸಿಕ್ಕಿಬಿದ್ದವನಿಗೆ ತಿಳಿಸಲೇಬೇಕು. 1999ರಲ್ಲಿ ಬಲದೇವ್ ಸಿಂಗ್ ಪ್ರಕರಣದಲ್ಲಿ, 2010ರಲ್ಲಿ ವಿಜಯಸಿಂಹ ಜಡೇಜಾ ಪ್ರಕರಣದಲ್ಲಿ ಸಂವಿಧಾನ ಪೀಠಗಳು ಇದನ್ನು ಎತ್ತಿಹಿಡಿದವು. ಎರಡನೆಯ ತೀರ್ಪಿನ ಪ್ರಕಾರ ಇದು ಕಟ್ಟುನಿಟ್ಟಾಗಿ ಪಾಲಿಸಬೇಕಾದ ಕರ್ತವ್ಯ, ಬಾಯಿಮಾತಿಗೆ ನಡೆಸಿದ ಶಾಸ್ತ್ರ ಸಾಲದು. ‘ಬೇಕಾದರೆ ನಾನೇ ನೋಡುತ್ತೇನೆ’ ಎಂದು ಪೊಲೀಸ್ ಅಧಿಕಾರಿ ಮೂರನೆಯ ಆಯ್ಕೆ ಮುಂದಿಟ್ಟರೆ ಶೋಧವೇ ದೋಷಪೂರಿತ ಎಂದು 2014ರ ಪರಮಾನಂದ್ ತೀರ್ಪು ಹೇಳಿತು. ಹೆಂಗಸರ ಮೈ ಶೋಧವನ್ನು ಹೆಂಗಸರೇ ಮಾಡಬೇಕು. ಚೀಲ, ಪೆಟ್ಟಿಗೆ, ವಾಹನದ ಶೋಧಕ್ಕೆ ಈ ಸೆಕ್ಷನ್ ಅನ್ವಯಿಸುವುದಿಲ್ಲ.

ಜಪ್ತಿಯ ಸ್ಥಳದಲ್ಲಿ ಪಂಚರ ಸಮಕ್ಷಮ ಮಹಜರು ನಡೆಯುತ್ತದೆ. ವಸ್ತುವನ್ನು ತೂಗಿ, ಪೊಟ್ಟಣ ಕಟ್ಟಿ, ಬಟ್ಟೆ ಸುತ್ತಿ, ಅರಗು ಕರಗಿಸಿ ಮೊಹರು ಒತ್ತಲಾಗುತ್ತದೆ. ಚೀಟಿಯ ಮೇಲೆ ಅಧಿಕಾರಿ, ಪಂಚರು, ಆರೋಪಿಯ ಸಹಿ ಬೀಳುತ್ತದೆ. ಕರ್ನಾಟಕದ ಠಾಣೆಗಳಲ್ಲಿ ಮುದ್ದೆಮಾಲಿಗೆ, ಅಂದರೆ ಜಪ್ತಿಯಾದ ವಸ್ತುವಿಗೆ, ಪಿ.ಎಫ್. (ಪ್ರಾಪರ್ಟಿ ಫಾರಂ) ಸಂಖ್ಯೆ ಕೊಟ್ಟು ನ್ಯಾಯಾಲಯಕ್ಕೆ ವರದಿ ಮಾಡುತ್ತಾರೆ. ಆ ಮೊಹರು ವಿಧಿವಿಜ್ಞಾನ ಪ್ರಯೋಗಾಲಯ ತಲುಪುವವರೆಗೂ ಒಡೆಯದೆ ಇತ್ತೇ, ಚೀಟಿಯ ಮೇಲಿನ ತೂಕವೂ ಪ್ರಯೋಗಾಲಯ ಬರೆದ ತೂಕವೂ ಒಂದೇ ಇವೆಯೇ, ನಡುವಿನ ದಿನಗಳಲ್ಲಿ ಪೊಟ್ಟಣ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಗಳು ವಿಚಾರಣೆಯ ಪಾಟಿಸವಾಲಿನಲ್ಲಿ ತಪ್ಪದೆ ಬರುತ್ತವೆ. ಸೆಕ್ಷನ್ 52ಎ ಪ್ರಕಾರ ದಾಸ್ತಾನು ಪಟ್ಟಿ, ಛಾಯಾಚಿತ್ರ, ಮಾದರಿಗಳನ್ನು ಮ್ಯಾಜಿಸ್ಟ್ರೇಟರು ದೃಢೀಕರಿಸಬೇಕು. ಮಾದರಿಯನ್ನು ಅವರ ಎದುರೇ ತೆಗೆಯಬೇಕೆಂದು 2016ರ ಬೇರೊಂದು ಮೋಹನ್‌ಲಾಲ್ ತೀರ್ಪು ಹೇಳಿದ ಮೇಲೆ 2022ರ ಡಿಸೆಂಬರ್‌ನಲ್ಲಿ ಹೊಸ ನಿಯಮಗಳು ಬಂದವು. ಗಾಂಜಾ, ಚರಸ್, ಅಫೀಮಿನ ಮಾದರಿ 24 ಗ್ರಾಂ, ಉಳಿದವುಗಳದ್ದು 5 ಗ್ರಾಂ. ಈ ಕ್ರಮ ತಪ್ಪಿದ ಮಾತ್ರಕ್ಕೆ ಪ್ರಕರಣ ತಾನಾಗಿ ಬಿದ್ದುಹೋಗುವುದಿಲ್ಲ, ಉಳಿದ ಸಾಕ್ಷ್ಯ ಗಟ್ಟಿಯಿದೆಯೇ ಎಂದು ನೋಡಬೇಕು ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ತನಿಖಾಧಿಕಾರಿಯ ಎದುರು ಕೊಟ್ಟ ತಪ್ಪೊಪ್ಪಿಗೆಗೆ ಈಗ ಬೆಲೆಯಿಲ್ಲ. ಮಾದಕ ದ್ರವ್ಯ ನಿಯಂತ್ರಣ ಬ್ಯೂರೋದಂಥ ಸಂಸ್ಥೆಗಳ ಅಧಿಕಾರಿಗಳು ಪೊಲೀಸರಲ್ಲ ಎಂಬ ವಾದದ ಮೇಲೆ ಸೆಕ್ಷನ್ 67ರ ಹೇಳಿಕೆಗಳನ್ನೇ ಆಧರಿಸಿ ದಶಕಗಳ ಕಾಲ ಶಿಕ್ಷೆಗಳಾದವು. 2020ರ ಅಕ್ಟೋಬರ್ 29ರಂದು ತೂಫಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2:1ರ ಬಹುಮತದಿಂದ ಅವರೂ ಪೊಲೀಸ್ ಅಧಿಕಾರಿಗಳೇ ಎಂದಿತು. ಸಿಕ್ಕಿಬಿದ್ದವನೊಬ್ಬ ಹೆಸರು ಹೇಳಿದನೆಂದು ಮತ್ತೊಬ್ಬನನ್ನು ಸಿಲುಕಿಸಿದ ಪ್ರಕರಣಗಳಿಗೆ ಇದರಿಂದ ದೊಡ್ಡ ಪೆಟ್ಟು ಬಿತ್ತು.

ಜಾಮೀನು ಮತ್ತು ವಿಚಾರಣೆ

ಅಲ್ಪ ಮತ್ತು ಮಧ್ಯಮ ಪ್ರಮಾಣದ ಪ್ರಕರಣಗಳಲ್ಲಿ ಜಾಮೀನಿಗೆ ಸಾಮಾನ್ಯ ಕಾನೂನೇ ಅನ್ವಯ. ವಾಣಿಜ್ಯ ಪ್ರಮಾಣಕ್ಕೆ ಸೆಕ್ಷನ್ 37 ಅಡ್ಡ ಬರುತ್ತದೆ. ಸರ್ಕಾರಿ ಅಭಿಯೋಜಕರು ವಿರೋಧಿಸಿದರೆ, ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಸಕಾರಣವಿದೆ, ಹೊರಬಂದರೆ ಮತ್ತೆ ಅಪರಾಧ ಮಾಡುವುದಿಲ್ಲ ಎಂಬ ಎರಡೂ ಸಂಗತಿ ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ವಿಚಾರಣೆಯೇ ಆರಂಭವಾಗದ ಹಂತದಲ್ಲಿ ಇದು ಬಹಳ ಎತ್ತರದ ಗೋಡೆ. ದೋಷಾರೋಪ ಪಟ್ಟಿ ಸಲ್ಲಿಸಲು ಸಾಮಾನ್ಯವಾಗಿ ಗರಿಷ್ಠ 90 ದಿನವಿದ್ದರೆ ಇಲ್ಲಿ 180 ದಿನ. ವಿಶೇಷ ನ್ಯಾಯಾಲಯ ಒಪ್ಪಿದರೆ ಒಂದು ವರ್ಷ. ಅವಧಿ ಮೀರಿದರೆ ಜಾಮೀನು ಆರೋಪಿಯ ಹಕ್ಕು. ವಿಚಾರಣೆ ವಿಪರೀತ ತಡವಾದಾಗ ಸೆಕ್ಷನ್ 37 ಇದ್ದರೂ ಬಿಡುಗಡೆ ಮಾಡಬಹುದೆಂದು 2023ರ ಮೊಹಮ್ಮದ್ ಮುಸ್ಲಿಂ ತೀರ್ಪು ಹೇಳಿದೆ.

ಜಪ್ತಿಯಾದ ಲಾರಿ, ಆಟೊ ವರ್ಷಗಟ್ಟಲೆ ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಯುವುದು ಮಾಲೀಕರ ಬಹುಕಾಲದ ಸಂಕಟ. ವಿಚಾರಣೆ ಮುಗಿಯುವ ಮೊದಲೇ ವಾಹನವನ್ನು ಷರತ್ತಿನ ಮೇಲೆ ಬಿಟ್ಟುಕೊಡಲು ಕಾಯ್ದೆಯಲ್ಲಿ ಅಡ್ಡಿಯಿಲ್ಲವೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿತು.

ಕಾನೂನುಬದ್ಧ ಬಳಕೆ

ನಿಷೇಧ ಎಷ್ಟೇ ವಿಸ್ತಾರವಾಗಿದ್ದರೂ ವೈದ್ಯಕೀಯ ಬಳಕೆಗೆ ದಾರಿಯಿದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ಆಯ್ದ ಭಾಗಗಳಲ್ಲಿ ರೈತರು ಗ್ವಾಲಿಯರ್‌ನ ಕೇಂದ್ರೀಯ ಮಾದಕ ದ್ರವ್ಯ ಬ್ಯೂರೋದ ಪರವಾನಗಿ ಪಡೆದು ಅಫೀಮು ಬೆಳೆಯುತ್ತಾರೆ. ನೀಮಚ್ ಮತ್ತು ಗಾಜೀಪುರದ ಸರ್ಕಾರಿ ಕಾರ್ಖಾನೆಗಳು ಅದನ್ನು ಸಂಸ್ಕರಿಸುತ್ತವೆ. ಕ್ಯಾನ್ಸರ್ ರೋಗಿಯ ನೋವು ತಗ್ಗಿಸುವ ಮಾರ್ಫಿನ್ ಇದರಿಂದಲೇ ಬರುವುದು. 1985ರ ನಂತರ ಪರವಾನಗಿಗಳ ಸುಳಿಗೆ ಸಿಕ್ಕ ಆಸ್ಪತ್ರೆಗಳು ಮಾರ್ಫಿನ್ ಇಡುವುದಕ್ಕೇ ಹಿಂಜರಿದು, ನರಳುವ ರೋಗಿಗಳಿಗೆ ಔಷಧ ಸಿಗದಂತಾಯಿತು. 2014ರ ತಿದ್ದುಪಡಿಯ ಅತ್ಯಂತ ಮಾನವೀಯ ಭಾಗ ಇದಕ್ಕೆ ಪರಿಹಾರ ತಂದದ್ದು. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೊಡೋನ್, ಕೊಡೀನ್, ಹೈಡ್ರೊಕೊಡೋನ್ ಎಂಬ ಆರು ಔಷಧಗಳನ್ನು ‘ಅತ್ಯಗತ್ಯ ಮಾದಕ ದ್ರವ್ಯ’ಗಳೆಂದು ಗುರುತಿಸಿ ದೇಶಕ್ಕೆಲ್ಲ ಒಂದೇ ನಿಯಮ ಮಾಡಲಾಯಿತು. ನಿದ್ರೆ ಅಥವಾ ಆತಂಕಕ್ಕೆಂದು ವೈದ್ಯರು ಬರೆದುಕೊಟ್ಟ ಮನೋಪ್ರಭಾವಿ ಔಷಧವನ್ನು ರೋಗಿ ಸ್ವಂತ ಬಳಕೆಗೆ ಒಮ್ಮೆಗೆ 100 ಮಾತ್ರೆಯವರೆಗೆ ಇಟ್ಟುಕೊಳ್ಳಬಹುದು. ಚೀಟಿ ಜೊತೆಗಿರಬೇಕು.

ಅಡುಗೆಮನೆಯ ಗಸಗಸೆ ಅಪರಾಧವಲ್ಲ. ಗಿಡದ ಹೊಟ್ಟು ನಿಷಿದ್ಧ, ಬೀಜಕ್ಕೆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಆದರೆ ಈ ವಿನಾಯಿತಿ ಭಾರತದ ಗಡಿಯೊಳಗಿನದು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಗಸಗಸೆಯೂ ನಿಷಿದ್ಧ. ದುಬೈಗೆ ಹೊರಡುವ ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು ಮನೆಯವರು ಕಟ್ಟಿಕೊಟ್ಟ ಮಸಾಲೆ ಪೊಟ್ಟಣವನ್ನು ಬಿಚ್ಚಿ ನೋಡುವುದು ಅಗತ್ಯ.

ವ್ಯಸನಿ ಮತ್ತು ಚಿಕಿತ್ಸೆ

ವ್ಯಸನಿಯನ್ನು ಜೈಲಿನ ಬದಲು ಆಸ್ಪತ್ರೆಗೆ ಕಳಿಸುವ ಎರಡು ಸೆಕ್ಷನ್‌ಗಳು ಕಾಯ್ದೆಯಲ್ಲಿವೆ. ಅವುಗಳ ಪ್ರಯೋಜನ ಪಡೆಯುವವರು ತೀರಾ ಕಡಿಮೆ, ಕಾರಣ ಅವು ಇವೆಯೆಂಬುದೇ ಬಹುಮಂದಿಗೆ ಗೊತ್ತಿಲ್ಲ. ಸೆಕ್ಷನ್ 64ಎ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆಗೆ ಮುಂದಾದರೆ ಅವನ ಮೇಲೆ ಮೊಕದ್ದಮೆ ನಡೆಯುವಂತಿಲ್ಲ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಈ ರಕ್ಷಣೆ ಹಿಂತೆಗೆಯಬಹುದು. ಶಿಕ್ಷೆ ಖಚಿತವಾದ ಮೇಲೂ ಅವನನ್ನು ಚಿಕಿತ್ಸೆಗಾಗಿ ಬಿಡುವ ಅಧಿಕಾರವನ್ನು ಸೆಕ್ಷನ್ 39 ನ್ಯಾಯಾಲಯಕ್ಕೆ ಕೊಟ್ಟಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ವ್ಯಸನಮುಕ್ತಿ ಸಹಾಯವಾಣಿ 14446.

ಈಗಿನ ಸ್ಥಿತಿ

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 3.1 ಕೋಟಿ ಜನ ಭಾಂಗ್, ಗಾಂಜಾ ಅಥವಾ ಚರಸ್ ಬಳಸಿದ್ದರು. 2018ರಲ್ಲಿ ನೋವಿನ ಮಾತ್ರೆ ಟ್ರಮಡಾಲ್ ಅನುಸೂಚಿಗೆ ಸೇರಿತು. ಉತ್ತರಾಖಂಡ ಕೈಗಾರಿಕಾ ನಾರಿಗಾಗಿ ಅಮಲು ಕಡಿಮೆಯಿರುವ ಗಾಂಜಾ ತಳಿಯ ಕೃಷಿಗೆ ಅನುಮತಿ ನೀಡಿದೆ. ಅದಕ್ಕೆ ಕಾಯ್ದೆಯ ಸೆಕ್ಷನ್ 14 ಅವಕಾಶ ಕೊಡುತ್ತದೆ.

ಕರ್ನಾಟಕದಲ್ಲಿ ಇಂಥ ಪ್ರಕರಣಗಳನ್ನು ಸ್ಥಳೀಯ ಠಾಣೆಗಳ ಜೊತೆಗೆ ಸೈಬರ್, ಆರ್ಥಿಕ ಮತ್ತು ಮಾದಕ ಅಪರಾಧಗಳಿಗಾಗಿರುವ ಸೆನ್ ಠಾಣೆಗಳು, ಬೆಂಗಳೂರಿನಲ್ಲಿ ಪೊಲೀಸರ ಕೇಂದ್ರ ಅಪರಾಧ ವಿಭಾಗ (ಸಿಸಿಬಿ), ಹಾಗೆಯೇ ಅಬಕಾರಿ ಇಲಾಖೆ ದಾಖಲಿಸುತ್ತವೆ. 1986ರ ಮಾರ್ಚ್ 17ರಂದು ಸ್ಥಾಪನೆಯಾದ ಮಾದಕ ದ್ರವ್ಯ ನಿಯಂತ್ರಣ ಬ್ಯೂರೋಗೆ ಬೆಂಗಳೂರಿನಲ್ಲಿ ವಲಯ ಕಚೇರಿಯಿದೆ. 2024ರ ಜುಲೈ 1ರಂದು ಹೊಸ ಕ್ರಿಮಿನಲ್ ಕಾನೂನುಗಳು ಜಾರಿಯಾದವು. ಎನ್‌ಡಿಪಿಎಸ್ ಕಾಯ್ದೆ ಹಾಗೆಯೇ ಮುಂದುವರಿದಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 105, ಶೋಧ ಮತ್ತು ಜಪ್ತಿಯ ಆರಂಭದಿಂದ ಪಂಚರ ಸಹಿಯವರೆಗಿನ ಎಲ್ಲವನ್ನೂ ಮೊಬೈಲಿನಲ್ಲಾದರೂ ಸರಿ, ಧ್ವನಿ ಸಹಿತ ಚಿತ್ರೀಕರಿಸಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕೆಂದು ವಿಧಿಸುತ್ತದೆ.